ಪೋರ್ಚುಗಲ್ ಲೀಗ್: ಸ್ಪೋರ್ಟಿಂಗ್‌ಗೆ ಪ್ರಶಸ್ತಿ 21 ಹೌದಾ, 25 ಹೌದಾ?

ಕಾಲ್ಚೆಂಡು_ಕಿಟ್ಟಿ
ಪೋರ್ಚುಗಲ್ ಲೀಗಿನ ಚಾಂಪಿಯನ್ನರ ಪಟ್ಟಿ ಮಾಡ್ತಿದೀನಿ, 2024-25ರ ಸೀಸನ್‌ವರೆಗೆ. ತಾಳೆನೇ ಆಗ್ತಿಲ್ಲ. ಬೆನ್ಫಿಕಾ 38, ಪೋರ್ಟೊ 30, ಇಲ್ಲಿವರೆಗೆ ಸರಿ. ಸ್ಪೋರ್ಟಿಂಗ್ ವಿಷಯಕ್ಕೆ ಬಂದ್ರೆ ಲೀಗಿನ ಲೆಕ್ಕ 21, ಕ್ಲಬ್ಬಿನವರ ಲೆಕ್ಕ 25. ಆ ನಾಲ್ಕು ಎಲ್ಲಿಂದ ಬಂತು? ಇನ್ನೊಂದು ತಲೆನೋವು: 1935ಕ್ಕೆ ಒಂದು ಕಡೆ ಪೋರ್ಟೊ ಚಾಂಪಿಯನ್ ಅಂತಿದೆ, ಇನ್ನೊಂದು ಕಡೆ ಬೆನ್ಫಿಕಾ ಅಂತಿದೆ. ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ.

ಸುಮ್ನೆ_ಓದೋನು
ಪಾಪ್‌ಕಾರ್ನ್ ತಗೊಂಡು ಕೂತಿದೀನಿ. ಮೂರೂ ಕ್ಲಬ್ಬಿನವರು ಬರ್ತಾರೆ ಈಗ.

ಅಂಕಪಟ್ಟಿ
ಕಿಟ್ಟಿ, ಎರಡು ಬೇರೆ ಬೇರೆ ಟೂರ್ನಿ ಒಂದೇ ಪಟ್ಟೀಲಿ ಬೆರೆತಿದೆ, ಅಷ್ಟೇ.

1921-22ರಿಂದ 1937-38ರವರೆಗೆ ನಡೆದದ್ದು 'ಕಾಂಪಿಯೊನಾಟು ದೆ ಪೋರ್ಚುಗಲ್'. ಅದು ನಾಕೌಟ್. ಒಂದೊಂದು ಪ್ರಾಂತ್ಯದ ಟೂರ್ನಿಯಿಂದ ತಂಡಗಳು ಬರ್ತಿದ್ವು, ಸೋತವರು ಮನೆಗೆ. ಮೊದಲ ವರ್ಷ ಆಡಿದ್ದೇ ಇಬ್ಬರು, ಪೋರ್ಟೊ ಮತ್ತು ಸ್ಪೋರ್ಟಿಂಗ್. ಒಂದೊಂದು ಗೆದ್ದು ಸಮ ಆದ್ಮೇಲೆ ಮೂರನೇ ಪಂದ್ಯವನ್ನ ಪೋರ್ಟೊ ಹೆಚ್ಚುವರಿ ಸಮಯದಲ್ಲಿ 3-1ರಿಂದ ಗೆದ್ದಿತು.

1934-35ರಲ್ಲಿ ಅದರ ಜೊತೆಜೊತೆಗೇ ಲೀಗ್ ಶುರುವಾಯ್ತು, ಪ್ರಾಯೋಗಿಕ ಅನ್ನೋ ಹೆಸರಲ್ಲಿ. ಎಂಟು ತಂಡ: ಲಿಸ್ಬನ್ ಪ್ರಾಂತ್ಯದಿಂದ ನಾಲ್ಕು, ಪೋರ್ಟೊದಿಂದ ಎರಡು, ಸೆಟೂಬಲ್ ಮತ್ತು ಕೊಯಿಂಬ್ರಾದಿಂದ ಒಂದೊಂದು. 14 ಸುತ್ತು. ಆ ವರ್ಷ ಲೀಗ್ ಗೆದ್ದದ್ದು ಪೋರ್ಟೊ, ನಾಕೌಟ್ ಗೆದ್ದದ್ದು ಬೆನ್ಫಿಕಾ. ನಿಮ್ಮ ಎರಡು ಪಟ್ಟಿಯೂ ಸರಿ, ಟೂರ್ನಿ ಬೇರೆ.

1938-39ರಲ್ಲಿ ಲೀಗಿಗೆ ರಾಷ್ಟ್ರೀಯ ಚಾಂಪಿಯನ್‌ಶಿಪ್ ಅಂತ ಹೆಸರು ಬಂತು, ನಾಕೌಟ್ ಟೂರ್ನಿ 'ತಾಸಾ ದೆ ಪೋರ್ಚುಗಲ್' ಅನ್ನೋ ಕಪ್ ಆಯ್ತು. ಸ್ಪೋರ್ಟಿಂಗ್ ಹೇಳೋ ಆ ನಾಲ್ಕು ಹಳೇ ನಾಕೌಟ್‌ನವು: 1922-23, 1933-34, 1935-36, 1937-38.

ಸಿಂಹ_1906
ಬರೀ 'ನಾಕೌಟ್‌ನವು' ಅಂತ ತಳ್ಳಿಹಾಕೋ ಹಾಗಿಲ್ಲ ಗುರು. 1922ರಿಂದ 1934ರವರೆಗೆ ದೇಶದಲ್ಲಿ ಬೇರೆ ರಾಷ್ಟ್ರೀಯ ಟೂರ್ನಿನೇ ಇರಲಿಲ್ಲ. ಅದನ್ನ ಗೆದ್ದವರನ್ನೇ 'ಪೋರ್ಚುಗಲ್ ಚಾಂಪಿಯನ್' ಅಂತ ಕರೀತಿದ್ರು. ಆಗ ಚಾಂಪಿಯನ್ ಆಗಿದ್ದವರು ಲೀಗ್ ಬಂದಮೇಲೆ ಚಾಂಪಿಯನ್ ಅಲ್ಲ ಅಂದ್ರೆ ಅದ್ಯಾವ ನ್ಯಾಯ?

ಹದ್ದು_38
ಸರಿ, 1923 ಮತ್ತು 1934 ಇಟ್ಕೊಳ್ಳಿ. 1936, 1938 ಹೇಗೆ ಬರತ್ತೆ? ಆ ವರ್ಷಗಳಲ್ಲಿ ಲೀಗ್ ನಡೀತಿತ್ತು, ಗೆದ್ದದ್ದು ನಾವು, ಬೆನ್ಫಿಕಾದವರು. ಒಂದೇ ಸೀಸನ್‌ಗೆ ಇಬ್ಬರು ಚಾಂಪಿಯನ್ನರಾ?

ಸಿಂಹ_1906
ಆ ನಾಲ್ಕು ಸೀಸನ್ನು ಪ್ರಾಯೋಗಿಕ. ಅದನ್ನ ಎಣಿಸದೇ ಇದ್ರೆ ಇಬ್ಬರು ಇರಲ್ಲ.

ಹದ್ದು_38
ಅಂದ್ರೆ ನಮ್ಮ ಮೂರು ಕಿತ್ತುಕೊಂಡು ನಿಮ್ಮ ನಾಲ್ಕು ಸೇರಿಸೋದು. ಭಲೇ.

ಅಂಕಪಟ್ಟಿ
ಕೂಗಾಡೋ ಮುಂಚೆ ಕೂಡಿಸಿ ನೋಡಿ. ಹಳೇ ನಾಕೌಟ್ ನಡೆದದ್ದು 17 ಸಲ: ಪೋರ್ಟೊ 4, ಸ್ಪೋರ್ಟಿಂಗ್ 4, ಬೆನ್ಫಿಕಾ 3, ಬೆಲೆನೆನ್ಸಸ್ 3, ಓಲ್ಯಾನೆನ್ಸೆ, ಮಾರಿಟಿಮು, ಕಾರ್ಕವೆಲಿನ್ಯೋಸ್ ಒಂದೊಂದು.

ಒಂದನೇ ದಾರಿ, ಈಗಿನ ಅಧಿಕೃತ ಲೆಕ್ಕ. 1934-35ರಿಂದ ಲೀಗ್ ಮಾತ್ರ. ಬೆನ್ಫಿಕಾ 38, ಪೋರ್ಟೊ 30, ಸ್ಪೋರ್ಟಿಂಗ್ 21, ಬೆಲೆನೆನ್ಸಸ್ 1, ಬೋವಿಷ್ಟಾ 1. ಒಟ್ಟು 91, ಸೀಸನ್ನೂ 91. ತಾಳೆ ಆಗತ್ತೆ.

ಎರಡನೇ ದಾರಿ, ಎರಡೂ ಸೇರಿಸೋದು. ಬೆನ್ಫಿಕಾ 41, ಪೋರ್ಟೊ 34, ಸ್ಪೋರ್ಟಿಂಗ್ 25, ಬೆಲೆನೆನ್ಸಸ್ 4, ಉಳಿದ ನಾಲ್ವರಿಗೆ ಒಂದೊಂದು. ಒಟ್ಟು 108. ಆದರೆ 1935ರಿಂದ 1938ರವರೆಗೆ ಪ್ರತಿ ವರ್ಷ ಇಬ್ಬರು ಚಾಂಪಿಯನ್ನರು.

ಮೂರನೇ ದಾರಿ, 1938ರವರೆಗೆ ನಾಕೌಟ್, ಆಮೇಲೆ ಲೀಗ್. ಬೆನ್ಫಿಕಾಗೆ ಮೂರು ಹೋಗಿ ಮೂರು ಬಂದು 38 ಹಾಗೇ ನಿಲ್ಲತ್ತೆ. ಪೋರ್ಟೊಗೆ ಒಂದು ಹೋಗಿ ನಾಲ್ಕು ಬಂದು 33. ಸ್ಪೋರ್ಟಿಂಗ್ 25. ಒಟ್ಟು 104, ಸೀಸನ್ನೂ 104.

ಯಾವ ದಾರೀಲಿ ಹೋದ್ರೂ ಮೊದಲ ಮೂರು ಸ್ಥಾನದ ಕ್ರಮ ಬದಲಾಗಲ್ಲ. ಹದ್ದಿಗೆ ಯಾಕಿಷ್ಟು ಸಿಟ್ಟು ಅಂತ ಅರ್ಥ ಆಗ್ತಿಲ್ಲ.

ನೀಲಿಬಿಳಿ
ಮೂರನೇ ದಾರೀಲಿ ಪೋರ್ಟೊದ ನಮಗೂ ಸ್ಪೋರ್ಟಿಂಗ್‌ಗೂ ಲಾಭ, ಬೆನ್ಫಿಕಾಗೆ ಸೊನ್ನೆ. ಸಿಟ್ಟು ಯಾಕೆ ಅಂತ ನನಗೆ ಚೆನ್ನಾಗೇ ಅರ್ಥ ಆಗ್ತಿದೆ.

ಹುಬ್ಬಳ್ಳಿ_ಹಾಫ್‌ಬ್ಯಾಕ್
ಅಲ್ರೀ, ಈ ಜಗಳದಾಗ ಮಾರಿಟಿಮು ಬಗ್ಗೆ ಯಾರೂ ಮಾತಾಡವಲ್ರಿ. 1926ರಾಗ ಮಡೈರಾ ದ್ವೀಪದಿಂದ ಹಡಗು ಹತ್ತಿ ಬಂದು, ಸೆಮಿಫೈನಲ್‌ನಾಗ ಪೋರ್ಟೊಕ್ಕ 7-1 ಬಾರಿಸಿ, ಫೈನಲ್‌ನಾಗ ಬೆಲೆನೆನ್ಸಸ್ಸನ್ನ 2-0 ಸೋಲಿಸಿ ಹೋದ್ರು. ಅಷ್ಟಾದ್ರೂ ಲೀಗ್ ಶುರು ಆದಾಗ ದ್ವೀಪದವರಿಗೆ ಜಾಗಾನೇ ಇಲ್ಲ. 1970ರ ದಶಕದ ತನಕ ಕಾಯಬೇಕಾತು, ಮೊದಲ ದರ್ಜೆಗೆ ಬಂದಿದ್ದು 1977-78ಕ್ಕ. ಸ್ಪೋರ್ಟಿಂಗ್‌ಕಿಂತ ಇವರ ಅರ್ಜಿ ಗಟ್ಟಿ ಐತಿ ನೋಡ್ರಿ.

ನೀಲಿಬಿಳಿ
7-1 ನೆನಪಿಸಿದ್ದಕ್ಕೆ ಧನ್ಯವಾದ ಹುಬ್ಬಳ್ಳಿ ಸಾಹೇಬ್ರೆ. 😐

ಎರಡನೇ_ದರ್ಜೆ
ಕಾರ್ಕವೆಲಿನ್ಯೋಸ್ ಯಾರು ಅಂತ ಯಾರೂ ಕೇಳಲಿಲ್ಲ, ಹೇಳಿಬಿಡ್ತೀನಿ. ಲಿಸ್ಬನ್ನಿನ ಅಲ್ಕಾಂತರಾ ಕಡೆಯ ಕ್ಲಬ್ಬು, 1927-28ರ ಚಾಂಪಿಯನ್. 1942ರಲ್ಲಿ ಉನಿಯಾಂವ್ ದೆ ಲಿಸ್ಬೋವಾ ಜೊತೆ ಸೇರಿ ಅತ್ಲೆಟಿಕೊ ಆಯ್ತು. ಈ ಉನಿಯಾಂವ್ ಬೇರೆ ಯಾರೂ ಅಲ್ಲ, 1934-35ರ ಮೊದಲ ಲೀಗಿನ ಎಂಟರಲ್ಲಿ ಒಂದು. ಅತ್ಲೆಟಿಕೊ ಹೆಸರು ನೆನಪಿಟ್ಕೊಳ್ಳಿ, 1955ರ ಕಥೆಗೆ ಬೇಕಾಗತ್ತೆ.

ಕಾಲ್ಚೆಂಡು_ಕಿಟ್ಟಿ
1955ರಲ್ಲಿ ಏನು? ಬೆನ್ಫಿಕಾ ಗೆದ್ದಿದೆ ಅಂತಿದೆ, ಆದರೆ ಬೆಲೆನೆನ್ಸಸ್‌ಗೂ ಅಷ್ಟೇ ಅಂಕ ತೋರಿಸ್ತಿದೆ.

ಎರಡನೇ_ದರ್ಜೆ
ಹೌದು, ಇಬ್ಬರಿಗೂ 39. ಕೊನೆಯ ಸುತ್ತಿಗೆ ಹೋಗುವಾಗ ಬೆಲೆನೆನ್ಸಸ್ ಮುಂದಿತ್ತು. ತಮ್ಮದೇ ಸಲೇಜಿಯಸ್ ಮೈದಾನದಲ್ಲಿ ಸ್ಪೋರ್ಟಿಂಗ್ ವಿರುದ್ಧ 2-1 ಮುನ್ನಡೆ, ಮುಗಿಯೋಕೆ ನಾಲ್ಕು ನಿಮಿಷ. ಆಗ ಸ್ಪೋರ್ಟಿಂಗ್‌ನ ಜೊವಾಂವ್ ಮಾರ್ಟಿನ್ಸ್ ಗೋಲು ಹೊಡೆದು 2-2 ಮಾಡಿದ. ಆ ಕಡೆ ಬೆನ್ಫಿಕಾ ಅತ್ಲೆಟಿಕೊವನ್ನ 3-0 ಸೋಲಿಸಿತ್ತು. ಅಂಕ ಸಮ, ಪರಸ್ಪರ ಪಂದ್ಯಗಳ ಲೆಕ್ಕದಲ್ಲಿ ಬೆನ್ಫಿಕಾ ಮೇಲೆ. ಪ್ರಶಸ್ತಿ ಅಲ್ಲಿಂದ ಹಾರಿಹೋಯ್ತು.

ತಮಾಷೆ ಏನಪ್ಪಾ ಅಂದ್ರೆ ಸ್ಪೋರ್ಟಿಂಗ್‌ಗೆ ಆ ಗೋಲಿಂದ ಪ್ರಶಸ್ತಿ ಏನೂ ಬರ್ತಿರಲಿಲ್ಲ. ಅದೇ ಮಾರ್ಟಿನ್ಸ್ 1955ರ ಸೆಪ್ಟೆಂಬರ್ 4ರಂದು ಪಾರ್ಟಿಜಾನ್ ವಿರುದ್ಧ ಯುರೋಪಿಯನ್ ಕಪ್ಪಿನ (ಈಗಿನ ಚಾಂಪಿಯನ್ಸ್ ಲೀಗ್) ಇತಿಹಾಸದ ಮೊಟ್ಟಮೊದಲ ಗೋಲು ಹೊಡೆದ. ಚಾಂಪಿಯನ್ ಬೆನ್ಫಿಕಾ, ಯುರೋಪಿಗೆ ಹೋದದ್ದು ಸ್ಪೋರ್ಟಿಂಗ್. ಮೊದಲ ವರ್ಷ ಆಹ್ವಾನದ ಮೇಲೆ ತಂಡ ಕರೆದಿದ್ರು, ಅದಕ್ಕೆ.

ಕರಾವಳಿ_ಕೀಪರ್
ಬೆಲೆನೆನ್ಸಸ್ಸಿನ ನಸೀಬು ಮಾರಾಯ್ರೆ. 1946ರಲ್ಲಿ ಒಂದೇ ಒಂದು ಸಲ ಗೆದ್ದದ್ದು, ಅದೂ 38 ಅಂಕ, ಬೆನ್ಫಿಕಾಕ್ಕೆ 37. ಕೊನೆಯ ಪಂದ್ಯ ಸ್ಪೇನ್ ಗಡಿ ಹತ್ತಿರದ ಎಲ್ವಾಸ್‌ನಲ್ಲಿ, 2-1. ಅಷ್ಟರ ಮೇಲೆ ಮತ್ತೆ ಗೆಲ್ಲಲೇ ಇಲ್ಲ.

ಅಂಕಪಟ್ಟಿ
ಕಿಟ್ಟಿ, ಸಮ ಅಂಕದ ವಿಷಯ ಬಂದದ್ದಕ್ಕೆ ಹೇಳ್ತೀನಿ. ಪೋರ್ಚುಗಲ್‌ನಲ್ಲಿ ಅಂಕ ಸಮ ಆದ್ರೆ ಮೊದಲು ನೋಡೋದು ಆ ಎರಡು ತಂಡ ತಮ್ಮೊಳಗೆ ಆಡಿದ ಪಂದ್ಯಗಳನ್ನ. ಅಲ್ಲಿ ಅಂಕ, ಆಮೇಲೆ ಅಲ್ಲಿಯ ಗೋಲು ವ್ಯತ್ಯಾಸ. ಅಲ್ಲೂ ಸಮ ಆದ್ರೆ ಮಾತ್ರ ಇಡೀ ಸೀಸನ್ನಿನ ಗೋಲು ವ್ಯತ್ಯಾಸ. ಇಂಗ್ಲೆಂಡಿನ ಪಟ್ಟಿ ನೋಡಿ ರೂಢಿ ಇರೋರು ನೇರ ಗೋಲು ವ್ಯತ್ಯಾಸಕ್ಕೆ ಹೋಗಿ ಎಡವುತ್ತಾರೆ.

ಎರಡು ಉದಾಹರಣೆ. 1947-48ರಲ್ಲಿ ಸ್ಪೋರ್ಟಿಂಗ್, ಬೆನ್ಫಿಕಾ ಇಬ್ಬರಿಗೂ 41. ಮೊದಲ ಪಂದ್ಯ ಬೆನ್ಫಿಕಾ 3-1, ಎರಡನೇದು ಸ್ಪೋರ್ಟಿಂಗ್ 4-1, ನಾಲ್ಕೂ ಪೆಯ್ರೋಟಿಯೊ ಹೊಡೆದದ್ದು. ಕೂಡಿದ್ರೆ 5-4. ಒಂದೇ ಗೋಲಿನ ಮೇಲೆ ಸ್ಪೋರ್ಟಿಂಗ್ ಚಾಂಪಿಯನ್. ಅದಕ್ಕೆ ಅಲ್ಲಿ 'ಪಿರೊಲಿತು ಚಾಂಪಿಯನ್‌ಶಿಪ್' ಅಂತಾರೆ. ಪಿರೊಲಿತು ಅಂದ್ರೆ ನಮ್ಮ ಗೋಲಿ ಸೋಡಾ ಥರದ್ದೇ ಬಾಟಲಿ, ಒಳಗೊಂದು ಗೋಲಿ.

1977-78ರಲ್ಲಿ ಪೋರ್ಟೊ, ಬೆನ್ಫಿಕಾ ಇಬ್ಬರಿಗೂ 51. ತಮ್ಮೊಳಗಿನ ಪಂದ್ಯ 0-0, 1-1. ಅಲ್ಲೂ ಸಮ. ಆಗ ಇಡೀ ಸೀಸನ್ ನೋಡಿದ್ರು: ಪೋರ್ಟೊ +60, ಬೆನ್ಫಿಕಾ +45.

ನೀಲಿಬಿಳಿ
ಅಂತಾಸ್ ಮೈದಾನದ ಆ 1-1! ಬೆನ್ಫಿಕಾ ಮುಂದಿತ್ತು, ಕೊನೇಲಿ ಅದೆಮಿರ್ ಸಮ ಮಾಡಿದ. 1959ರಿಂದ 19 ವರ್ಷ ಪ್ರಶಸ್ತಿ ಇಲ್ಲದ ಕ್ಲಬ್ಬು. ಕೋಚ್ ಪೆಡ್ರೋಟೊ ಬಂದು ಎತ್ತಿ ನಿಲ್ಲಿಸಿದ, ಮಾರನೇ ವರ್ಷವೂ ಗೆದ್ದ.

ಹದ್ದು_38
ಅದೇ ಸೀಸನ್ನಲ್ಲಿ ಬೆನ್ಫಿಕಾ ಒಂದೂ ಪಂದ್ಯ ಸೋತಿಲ್ಲ ಅನ್ನೋದನ್ನೂ ಬರೀರಿ. 21 ಗೆಲುವು, 9 ಡ್ರಾ, ಸೋಲು ಸೊನ್ನೆ, ಸ್ಥಾನ ಎರಡು. ಪೋರ್ಟೊ ಒಂದು ಸೋತಿತ್ತು.

ಸುಮ್ನೆ_ಓದೋನು
ಸೋಲದೇ ಸೋಲೋದು ಅಂದ್ರೆ ಇದೇ.

ನೀಲಿಬಿಳಿ
ಸೋಲದಿದ್ರೆ ಸಾಲದು ಹದ್ದು, ಗೆಲ್ಲಬೇಕು. ಒಂಬತ್ತು ಡ್ರಾ ಮಾಡಿದ್ದು ಯಾರು?

ಈಗ 1959ಕ್ಕೆ ಬನ್ನಿ, ಅದನ್ನ ಯಾಕೆ ಯಾರೂ ಎತ್ತುತ್ತಿಲ್ಲ?

ಹದ್ದು_38
ಬಂತು ನೋಡಿ ಕಲಬೋಟ್.

ಕಾಲ್ಚೆಂಡು_ಕಿಟ್ಟಿ
ಅದೇನು ಕಲಬೋಟ್?

ನೀಲಿಬಿಳಿ
1959ರ ಮಾರ್ಚ್ 22, ಸೀಸನ್ನಿನ ಕೊನೆಯ ದಿನ. ಪೋರ್ಟೊ, ಬೆನ್ಫಿಕಾ ಅಂಕ ಸಮ. ತಮ್ಮೊಳಗಿನ ಪಂದ್ಯ ಎರಡೂ ಡ್ರಾ. ಹಾಗಾಗಿ ಗೋಲು ವ್ಯತ್ಯಾಸವೇ ಗತಿ, ಅದರಲ್ಲಿ ಪೋರ್ಟೊ ನಾಲ್ಕು ಮುಂದೆ. ಪೋರ್ಟೊ ಟೊರೆಸ್ ವೆದ್ರಾಸ್‌ನಲ್ಲಿ ಟೊರಿಯೆನ್ಸೆ ಜೊತೆ, ಬೆನ್ಫಿಕಾ ಲಿಸ್ಬನ್ನಿನಲ್ಲಿ ಸಿಯುಎಫ್ ಜೊತೆ. ಅಲ್ಲಿಯ ರೆಫರಿ ಇನೊಸೆನ್ಸಿಯೊ ಕಲಬೋಟ್.

ಬೆನ್ಫಿಕಾ ಪಂದ್ಯ ಶುರುವಾಗಿದ್ದೇ ತಡವಾಗಿ. ಅಂದ್ರೆ ಅವರಿಗೆ ಪೋರ್ಟೊ ಪಂದ್ಯದ ಫಲಿತಾಂಶ ಗೊತ್ತಾದ್ಮೇಲೂ ಆಡೋಕೆ ಸಮಯ ಇತ್ತು. ಮೂರು ಪೆನಾಲ್ಟಿ ಸಿಕ್ತು. ಮುಗಿದಾಗ 7-1. ಇತ್ತ ಪೋರ್ಟೊ 3-0, ಮೂರನೇ ಗೋಲು ಕೊನೆಯ ನಿಮಿಷಗಳಲ್ಲಿ. ಲೆಕ್ಕ ಹಾಕಿ: ಬೆನ್ಫಿಕಾಗೆ +6, ಪೋರ್ಟೊಗೆ +3, ನಾಲ್ಕರ ಮುನ್ನಡೆ ಒಂದಕ್ಕೆ ಇಳೀತು. +59 ಮತ್ತು +58. ತಮ್ಮ ಪಂದ್ಯ ಮುಗಿಸಿದ ಪೋರ್ಟೊ ಆಟಗಾರರು ಮೈದಾನದಲ್ಲೇ ನಿಂತು ರೇಡಿಯೊ ಕೇಳ್ತಾ ಕಾದ್ರು. ಆ ರೆಫರಿಯನ್ನ ಆಮೇಲೆ ಶಾಶ್ವತವಾಗಿ ಹೊರಗೆ ಹಾಕಿದ್ರು.

ಹದ್ದು_38
ಹೊರಗೆ ಹಾಕಿದ್ದು ಪಂದ್ಯದ ಸಮಯವನ್ನ ವರದೀಲಿ ಸರಿಯಾಗಿ ಬರೆದಿಲ್ಲ ಅಂತ. ಬೆನ್ಫಿಕಾ ದುಡ್ಡು ಕೊಡ್ತು ಅಂತ ಯಾರೂ ಸಾಬೀತು ಮಾಡಿಲ್ಲ. ಮುಖ್ಯವಾಗಿ, ಪ್ರಶಸ್ತಿ ಗೆದ್ದದ್ದು ನೀವೇ! ಗೆದ್ದ ಪ್ರಶಸ್ತಿಗೆ ಅರವತ್ತು ವರ್ಷದಿಂದ ಅಳೋ ಕ್ಲಬ್ಬು ಪ್ರಪಂಚದಲ್ಲಿ ಇನ್ನೊಂದಿಲ್ಲ.

ಹುಬ್ಬಳ್ಳಿ_ಹಾಫ್‌ಬ್ಯಾಕ್
😂 ಇದಕ್ಕ ಪೋರ್ಟೊದವರ ಕಡೆ ಉತ್ತರ ಇಲ್ಲ ಬಿಡ್ರಿ.

ಅಂದಂಗ ಆ ವರ್ಷ ಪೋರ್ಟೊ ಕೋಚ್ ಯಾರು? ಬೇಲಾ ಗುಟ್‌ಮನ್. ಪ್ರಶಸ್ತಿ ಕೈಗೆ ಬಂದ ಕೂಡಲೇ ಎದ್ದು ಬೆನ್ಫಿಕಾಕ್ಕ ಹೋದ. ಅಲ್ಲಿ 1960, 1961 ಲೀಗು, 1961, 1962 ಯುರೋಪಿಯನ್ ಕಪ್ಪು. ಮೂರು ಸೀಸನ್, ಎರಡು ಕ್ಲಬ್, ಮೂರೂ ಲೀಗು ಅವನವೇ.

ಸುಮ್ನೆ_ಓದೋನು
ಬೆನ್ಫಿಕಾ ಇನ್ನು ಯುರೋಪಲ್ಲಿ ಗೆಲ್ಲಲ್ಲ ಅನ್ನೋ ಗುಟ್‌ಮನ್ ಶಾಪ ಅಂತ ಯಾರಾದ್ರೂ ಶುರು ಮಾಡಿದ್ರೆ ನಾನು ಎದ್ದು ಹೋಗ್ತೀನಿ.

ಅಂಕಪಟ್ಟಿ
ಶಾಪಕ್ಕೆ ಅಂಕ ಇಲ್ಲ, ಹಾಗಾಗಿ ನನಗೂ ಆಸಕ್ತಿ ಇಲ್ಲ.

ಕಾಲ್ಚೆಂಡು_ಕಿಟ್ಟಿ
ಸಿಯುಎಫ್ ಅಂದ್ರೆ ಯಾವ ಊರಿನ ಕ್ಲಬ್ಬು? ಈಗಿನ ಪಟ್ಟೀಲಿ ಕಾಣ್ತಿಲ್ಲ.

ಎರಡನೇ_ದರ್ಜೆ
ಲಿಸ್ಬನ್ನಿನ ಎದುರು ದಡದ ಬರೇರೊ. ರಾಸಾಯನಿಕ ಕಾರ್ಖಾನೆಯ ತಂಡ, ಕಂಪನಿ ಹೆಸರೇ ಕ್ಲಬ್ಬಿನ ಹೆಸರು. 1964-65ರಲ್ಲಿ ಲೀಗಿನಲ್ಲಿ ಮೂರನೇ ಸ್ಥಾನ. ಮುಂದಿನ ಸೀಸನ್ನಲ್ಲಿ ಯುರೋಪಿನ ಫೇರ್ಸ್ ಕಪ್ ಟೂರ್ನಿಯಲ್ಲಿ ಎ.ಸಿ. ಮಿಲಾನ್‌ನ ತಮ್ಮೂರಲ್ಲಿ 2-0 ಸೋಲಿಸಿದ್ರು. ಹಳೇ ಪಟ್ಟಿ ತಿರುವಿದ್ರೆ ಇಂಥವು ಸಿಗ್ತಾನೇ ಹೋಗ್ತವೆ. ಕೊಯಿಂಬ್ರಾದ ವಿದ್ಯಾರ್ಥಿಗಳ ಆಕಡೆಮಿಕಾ 1966-67ರಲ್ಲಿ ಎರಡನೇ ಸ್ಥಾನ. ಅದಕ್ಕೂ ಮುಂಚೆ, 1939ರಲ್ಲಿ ಮೊದಲ ತಾಸಾ ಗೆದ್ದದ್ದೂ ಅವರೇ, ಬೆನ್ಫಿಕಾ ವಿರುದ್ಧ 4-3.

ಕರಾವಳಿ_ಕೀಪರ್
ಲೀಗಿನಲ್ಲಿ ಎಷ್ಟು ತಂಡ ಅನ್ನೋದೇ ವರ್ಷಕ್ಕೊಂದು ಥರ ಉಂಟಲ್ಲ, ಅದು ಯಾಕೆ? ಒಂದು ಸಲ 8, ಒಂದು ಸಲ 10, ಮತ್ತೆ 8, ಮತ್ತೆ 12.

ಅಂಕಪಟ್ಟಿ
ಮೊದಮೊದಲು ಲೀಗಿಗೆ ಬಡ್ತಿ ಅಂತ ಇರಲಿಲ್ಲ, ಪ್ರಾಂತ್ಯದ ಟೂರ್ನಿ ಮೂಲಕವೇ ಪ್ರವೇಶ. ಪೋರ್ಟೊ ಪ್ರಾಂತ್ಯಕ್ಕೆ ಎರಡು ಜಾಗ. 1939-40ರಲ್ಲಿ ಒಂದು ವಿವಾದದಿಂದಾಗಿ ಎಫ್‌ಸಿ ಪೋರ್ಟೊ ತನ್ನ ಪ್ರಾಂತ್ಯದಲ್ಲಿ ಮೂರನೇ ಸ್ಥಾನಕ್ಕೆ ಇಳೀತು. ಆಗ ಲೀಗನ್ನೇ 8ರಿಂದ 10ಕ್ಕೆ ಹಿಗ್ಗಿಸಿದ್ರು. ಹಾಗೆ ಒಳಗೆ ಬಂದ ಪೋರ್ಟೊ ಆ ವರ್ಷ ಚಾಂಪಿಯನ್ ಆಯ್ತು. ಮುಂದಿನ ವರ್ಷ ಮತ್ತೆ 8. 1941-42ರಲ್ಲಿ ಪೋರ್ಟೊ ಮತ್ತೆ ಮೂರನೇ ಸ್ಥಾನ, ಮತ್ತೆ ಹಿಗ್ಗಿಸಿದ್ರು, ಈ ಸಲ 12ರವರೆಗೆ.

ಆಮೇಲೆ 1946-47ರಲ್ಲಿ 14, 1971-72ರಲ್ಲಿ 16, 1987-88ರಲ್ಲಿ 20. ಅಲ್ಲಿಂದ ಕೆಲವು ವರ್ಷ 18, 20 ಅಂತ ಹೊಯ್ದಾಡಿ 1991-92ರಲ್ಲಿ 18ಕ್ಕೆ ನಿಂತಿತು. 2006-07ರಲ್ಲಿ 16, 2014-15ರಿಂದ 18. ಈಗ 34 ಸುತ್ತು. ಕೊನೆಯ ಇಬ್ಬರು ನೇರ ಕೆಳಕ್ಕೆ, 16ನೇ ಸ್ಥಾನದವರು ಎರಡನೇ ದರ್ಜೆಯ ಮೂರನೆಯವರ ಜೊತೆ ಪ್ಲೇಆಫ್.

ಹದ್ದು_38
ನೋಡಿದ್ರಾ? ಅರ್ಹತೆ ಸಿಗದಿದ್ರೆ ಬಾಗಿಲನ್ನೇ ಅಗಲ ಮಾಡಿಸ್ಕೊಳ್ಳೋರು ಕಲಬೋಟ್ ಬಗ್ಗೆ ಮಾತಾಡ್ತಾರೆ.

ನೀಲಿಬಿಳಿ
ಒಳಗೆ ಬಂದು ಗೆದ್ದಿದೀವಲ್ಲ. ಬಂದು ಕೊನೇ ಸ್ಥಾನ ತಗೊಂಡಿದ್ರೆ ನಗಬಹುದಿತ್ತು.

ಹುಬ್ಬಳ್ಳಿ_ಹಾಫ್‌ಬ್ಯಾಕ್
ಕಿಟ್ಟಿ ಅವರ, ಅಂಕಗಳನ್ನ ಹೋಲಿಸೋ ಮುಂದ ಒಂದು ಎಚ್ಚರ. ಗೆಲುವಿಗೆ ಮೂರು ಅಂಕ ಬಂದಿದ್ದು 1995-96ರಿಂದ. ಅದಕ್ಕಿಂತ ಮೊದಲು ಎರಡು. 'ಪೋರ್ಟೊ 2021-22ರಾಗ 91 ಅಂಕ, ದಾಖಲೆ' ಅಂತಾರ. ಖರೇನ. ಆದ್ರ 34 ಪಂದ್ಯಕ್ಕ 102 ಅಂಕ ಇತ್ತು, ಅಂದ್ರ ಶೇ. 89. ಈಗ ಬೆನ್ಫಿಕಾ 1972-73 ತಗೋರಿ, ಜಿಮ್ಮಿ ಹೇಗನ್ ಕೋಚ್. 30 ಪಂದ್ಯ, 28 ಗೆಲುವು, 2 ಡ್ರಾ. ಮೊದಲ 23 ಪಂದ್ಯ ಒಂದೇ ಸವನ ಗೆದ್ದಾರ. ಹಳೇ ಲೆಕ್ಕದಾಗ 58, ಹೊಸ ಲೆಕ್ಕಕ್ಕ ತಂದ್ರ 28×3+2 = 86, ಅದೂ 90ಕ್ಕ. ಶೇ. 95.6. ಗೋಲು 101, ಬಿಟ್ಟಿದ್ದು 13. ಯೂಸೆಬಿಯೊ ಒಬ್ಬನ 40.

ಹೋಲಿಸೋದಿದ್ರ ಹಿಂಗ ಹೋಲಸ್ರಿ. ಅಂಕ ಅಷ್ಟ ನೋಡಬ್ಯಾಡ್ರಿ.

ಸಿಂಹ_1906
ಗೋಲಿನ ಮಾತು ಬಂದ್ರೆ 1946-47ರ ಸ್ಪೋರ್ಟಿಂಗ್: 26 ಪಂದ್ಯದಲ್ಲಿ 123 ಗೋಲು. ಪಂದ್ಯಕ್ಕೆ 4.7. ಜೆಸುಸ್ ಕೊರೆಯಾ, ವಾಸ್ಕೆಸ್, ಪೆಯ್ರೋಟಿಯೊ, ಟ್ರವಾಸೋಸ್, ಅಲ್ಬಾನೊ. ಈ ಐವರಿಗೆ 'ಐದು ಪಿಟೀಲು' ಅಂತ ಹೆಸರು. ಆ ಸೀಸನ್ನಲ್ಲಿ ಪೆಯ್ರೋಟಿಯೊ ಒಬ್ಬನದೇ 43.

ನೀಲಿಬಿಳಿ
ಆಗಿನ ಡಿಫೆನ್ಸ್ ಕೂಡ ನೋಡಬೇಕಲ್ಲ ಸಿಂಹ. ಕೋಚ್ ವಿಲಾಸ್-ಬೋವಾಸ್ ಅವರ 2010-11ರ ಪೋರ್ಟೊ ತಂಡ 30ರಲ್ಲಿ 27 ಗೆಲುವು, 3 ಡ್ರಾ, ಎರಡನೇ ಸ್ಥಾನದ ಬೆನ್ಫಿಕಾಗಿಂತ 21 ಅಂಕ ಮುಂದೆ. ಜೊತೆಗೆ ಯುರೋಪಾ ಲೀಗ್, ಫೈನಲ್ಲಲ್ಲಿ ಎದುರಿಗೆ ನಮ್ಮ ಪಕ್ಕದ ಬ್ರಾಗಾ. ಎರಡು ವರ್ಷ ಬಿಟ್ಟು ವಿಟೋರ್ ಪೆರೇರಾ ಕೈಲಿ ಮತ್ತೆ ಅಜೇಯ. 2013ರ ಮೇ 11, ನಮ್ಮ ಡ್ರಾಗಾಂವ್ ಮೈದಾನ, ಬೆನ್ಫಿಕಾ ವಿರುದ್ಧ ಹೆಚ್ಚುವರಿ ನಿಮಿಷದಲ್ಲಿ ಕೆಲ್ವಿನ್ ಹೊಡೆದ ಗೋಲು.

ಹದ್ದು_38
ಆ ಹೆಸರು ಎತ್ತಬೇಡಿ.

ಸುಮ್ನೆ_ಓದೋನು
ಆಗಿನ ಬೆನ್ಫಿಕಾ ಕೋಚ್ ಜಾರ್ಜ್ ಜೆಸುಸ್ ಮಂಡಿಯೂರಿದ ಚಿತ್ರ ಕಣ್ಮುಂದೆ ಬಂತು.

ಕಾಲ್ಚೆಂಡು_ಕಿಟ್ಟಿ
ಯುರೋಪಿನ ಲೀಗುಗಳ ಟಾಪ್ ಸ್ಕೋರರ್‌ಗೆ ಕೊಡೋ ಗೋಲ್ಡನ್ ಶೂ ಬಗ್ಗೆ ಒಂದು ಡೌಟು. 2024-25ರಲ್ಲಿ ಸ್ಪೋರ್ಟಿಂಗ್‌ನ ಗ್ಯೋಕೆರೆಸ್ 39 ಗೋಲು, ಸ್ಪೇನ್ ಲೀಗಿನಲ್ಲಿ ಎಂಬಾಪೆ 31. ಶೂ ಎಂಬಾಪೆಗೆ. ಎಂಟು ಗೋಲು ಕಮ್ಮಿ ಹೊಡೆದೋನಿಗೆ ಹೇಗೆ?

ಅಂಕಪಟ್ಟಿ
ಗುಣಕ. ಯುರೋಪಿನ ಶ್ರೇಯಾಂಕದಲ್ಲಿ ಮೊದಲ ಐದು ಲೀಗಿನ ಗೋಲಿಗೆ 2, ಅದರ ಕೆಳಗಿನ ಹಲವು ಲೀಗಿಗೆ 1.5. ಪೋರ್ಚುಗಲ್ ಐದರ ಹೊರಗೆ. 39×1.5 = 58.5, 31×2 = 62.

ಸಿಂಹ_1906
ಅನ್ಯಾಯ ಅಂದ್ರೆ ಇದು.

ಎರಡನೇ_ದರ್ಜೆ
ಅನ್ಯಾಯ ಏನಿಲ್ಲ, ಇನ್ನೂ ಮೂರು ಹೊಡೀಬೇಕಿತ್ತು. ನಿಮ್ಮ ಕ್ಲಬ್ಬಿನ ಜಾರ್ಡೆಲ್ 2001-02ರಲ್ಲಿ ಇದೇ 1.5ರಲ್ಲಿ 42 ಹೊಡೆದು, 63 ಆಗಿ, ಶೂ ತಗೊಂಡು ಹೋದ. 1973-74ರಲ್ಲಿ ಯಜಾಲ್ಡೆ 46 ಹೊಡೆದಾಗ ಗುಣಕವೇ ಇರಲಿಲ್ಲ.

ಕರಾವಳಿ_ಕೀಪರ್
ಸ್ಪೋರ್ಟಿಂಗ್ ಅಂದಾಗ ನಮ್ಮ ಛೆಟ್ರಿಯನ್ನು ಮರೆಯುವುದುಂಟಾ? 2012ರಲ್ಲಿ ಅಲ್ಲಿಗೆ ಹೋದದ್ದು. ಮುಂದಿನ ವರ್ಷ ಬೆಂಗಳೂರು ಎಫ್‌ಸಿ.

ಅಂಕಪಟ್ಟಿ
ಆಡಿದ್ದು ಬಿ ತಂಡಕ್ಕೆ. ಆ ವರ್ಷವೇ ದೊಡ್ಡ ಕ್ಲಬ್ಬುಗಳ ಬಿ ತಂಡಗಳಿಗೆ ಎರಡನೇ ದರ್ಜೆಯಲ್ಲಿ ಜಾಗ ಕೊಟ್ಟಿದ್ರು. ಹಾಗಾಗಿ ಮೊದಲ ದರ್ಜೆಯ ಅಂಕಿಅಂಶದಲ್ಲಿ ಹುಡುಕಿದ್ರೆ ಅವರ ಹೆಸರು ಸಿಗಲ್ಲ. ಬಿ ತಂಡಕ್ಕೆ ಮೊದಲ ದರ್ಜೆಗೆ ಬಡ್ತಿ ಇಲ್ಲ, ಎಷ್ಟೇ ಮೇಲೆ ಮುಗಿಸಿದ್ರೂ.

ಕಾಲ್ಚೆಂಡು_ಕಿಟ್ಟಿ
ಮತ್ತೆ ಪಟ್ಟಿಗೆ ಬರ್ತೀನಿ. ಬೋವಿಷ್ಟಾ 2001ರ ಚಾಂಪಿಯನ್. ಆದರೆ ನಡುವೆ ಆರು ವರ್ಷ ಮೊದಲ ದರ್ಜೇಲೇ ಇಲ್ಲ. ಆಟದಲ್ಲಿ ಸೋತು ಇಳಿದ್ರಾ?

ಎರಡನೇ_ದರ್ಜೆ
ಇಲ್ಲ. ಮೊದಲು ಆ ಪ್ರಶಸ್ತಿ ಬಗ್ಗೆ. ಜೈಮಿ ಪಶೆಕೊ ಕೋಚ್, ಬೆಸ್ಸಾ ಮೈದಾನ, ಕಪ್ಪುಬಿಳುಪು ಚೌಕಳಿ ಜೆರ್ಸಿ. ಗೋಲಲ್ಲಿ ರಿಕಾರ್ಡೊ, ನಡುವಲ್ಲಿ ಪೆಟಿಟ್, ಆಟ ಕಟ್ಟೋಕೆ ಬೊಲಿವಿಯಾದ ಎರ್ವಿನ್ ಸಾಂಚೆಸ್. ಕೊನೆಯಿಂದ ಎರಡನೇ ಸುತ್ತಲ್ಲಿ ಆವೆಸ್ ತಂಡವನ್ನ 3-0 ಸೋಲಿಸಿ ಪ್ರಶಸ್ತಿ ಖಾತ್ರಿ ಮಾಡ್ಕೊಂಡ್ರು. ಕೊನೆಯ ದಿನ ಪೋರ್ಟೊ ಕೈಲಿ 4-0 ಸೋತರೂ 77-76 ಆಗಿ ಉಳೀತು. ಲೀಗಿನ 91 ಸೀಸನ್ನಲ್ಲಿ ಮೂವರು ದೊಡ್ಡವರ ಹೊರಗೆ ಹೋದದ್ದು ಎರಡೇ, ಅದರಲ್ಲಿ ಇದೊಂದು.

2008ರಲ್ಲಿ ರೆಫರಿಗಳ ಮೇಲೆ ಒತ್ತಡ ಹೇರಿದ ಪ್ರಕರಣದ ಶಿಸ್ತು ಕ್ರಮ, 'ಅಪಿಟು ಫಿನಾಲ್' ಅಂತಾರೆ. ಬೋವಿಷ್ಟಾಗೆ ಹಿಂಬಡ್ತಿ, ಪೋರ್ಟೊಗೆ ಆರು ಅಂಕ ಕಡಿತ. ಪೋರ್ಟೊ ಆಗ ಸ್ಪೋರ್ಟಿಂಗ್‌ಗಿಂತ 20 ಅಂಕ ಮುಂದಿತ್ತು, ಆರು ಹೋಗಿ 14 ಆಯ್ತು, ಚಾಂಪಿಯನ್ ಆಗೇ ಉಳೀತು. ಕಡಿತದ ವಿರುದ್ಧ ಅಪೀಲನ್ನೂ ಹಾಕಲಿಲ್ಲ. ಬೋವಿಷ್ಟಾ ಮಾತ್ರ ಕಾನೂನು ಹೋರಾಟ ಮಾಡಿ, ಹಿಂಬಡ್ತಿಯ ತೀರ್ಮಾನ ರದ್ದಾಗಿ, 2014-15ರಲ್ಲಿ ವಾಪಸ್ ಬಂತು. ಮೇಲೆ ಅಂಕಪಟ್ಟಿ ಹೇಳಿದ 16ರಿಂದ 18ರ ವಿಸ್ತರಣೆ ಇದಕ್ಕಾಗೇ ಆದದ್ದು. 2024-25ರಲ್ಲಿ ಕೊನೆಯ ಸ್ಥಾನ. ಸಾಲದ ಹೊರೆ, ಲೈಸೆನ್ಸ್ ಸಿಗದೆ ಎರಡನೇ ದರ್ಜೆಯೂ ತಪ್ಪಿ ಜಿಲ್ಲಾ ಮಟ್ಟಕ್ಕೆ ಬಿತ್ತು.

ಹದ್ದು_38
20 ಅಂಕ ಮುಂದಿದ್ದಾಗ ಆರು ಕಳೆದ್ರೆ ಶಿಕ್ಷೆ ಅಂತಾರಾ ಅದನ್ನ?

ನೀಲಿಬಿಳಿ
20 ಅಂಕ ಮುಂದಿದ್ದೋರಿಗೆ ರೆಫರಿ ಯಾಕೆ ಬೇಕು ಹೇಳಿ?

ಹದ್ದು_38
ಪ್ರಕರಣ 2003-04ರ ಪಂದ್ಯಗಳದ್ದು. ಶಿಕ್ಷೆ ಬಂದದ್ದು 2008ರಲ್ಲಿ. ಎರಡನ್ನ ಬೆರೆಸಬೇಡಿ.

ಎರಡನೇ_ದರ್ಜೆ
ಕಿಟ್ಟಿ, ಪಟ್ಟಿ ಮಾಡುವಾಗ ಇನ್ನೊಂದು ಗುಂಡಿ ಇದೆ, ಅದರಲ್ಲಿ ಎಲ್ಲರೂ ಬೀಳ್ತಾರೆ. ಪೋರ್ಚುಗಲ್‌ನಲ್ಲಿ ಕ್ಲಬ್ಬು ಬೇರೆ, ತಂಡ ನಡೆಸೋ ಕಂಪನಿ ಬೇರೆ. ಕಂಪನಿಗೆ ಎಸ್‌ಎಡಿ ಅಂತಾರೆ. ವೃತ್ತಿಪರ ಲೀಗಿನ ಜಾಗ ಕಂಪನಿ ಹೆಸರಲ್ಲಿರತ್ತೆ. ಸದಸ್ಯರು, ಲಾಂಛನ, ಬಹಳ ಸಲ ಮೈದಾನ ಕೂಡ ಕ್ಲಬ್ಬಿನದು. ಇಬ್ಬರೂ ಜಗಳ ಆಡಿದ್ರೆ ಇತಿಹಾಸ ಯಾರದು ಅನ್ನೋ ಪ್ರಶ್ನೆ ಏಳತ್ತೆ.

ಬೆಲೆನೆನ್ಸಸ್ ನೋಡಿ. 2012ರಲ್ಲಿ ಕಂಪನಿಯ ಶೇ. 51 ಹೊರಗಿನ ಹೂಡಿಕೆದಾರರಿಗೆ ಮಾರಿದ್ರು. 2018ರಲ್ಲಿ ಸಂಬಂಧ ಕಡಿದುಹೋಯ್ತು. ಕಂಪನಿ ಕ್ಲಬ್ಬಿನ ರೆಸ್ತೆಲೊ ಮೈದಾನ ಬಿಟ್ಟು ಜಮೋರ್‌ನ ರಾಷ್ಟ್ರೀಯ ಮೈದಾನಕ್ಕೆ ಹೋಗಿ ಮೊದಲ ದರ್ಜೇಲಿ ಆಡ್ತಾ ಇತ್ತು. ಕ್ಲಬ್ಬು ಲಿಸ್ಬನ್ ಜಿಲ್ಲೆಯ ತಳಮಟ್ಟದಿಂದ ಹೊಸ ತಂಡ ಶುರು ಮಾಡಿತು. ಕೋರ್ಟು ಕಂಪನಿಗೆ ಹಳೇ ಹೆಸರು, ಲಾಂಛನ ಬಳಸಬೇಡಿ ಅಂದಾಗ ಅದು 'ಬಿ-ಎಸ್‌ಎಡಿ' ಆಯ್ತು. 1946ರ ಪ್ರಶಸ್ತಿ ಕ್ಲಬ್ಬಿನದು, ಬಿ-ಎಸ್‌ಎಡಿಯದಲ್ಲ. ಬಿ-ಎಸ್‌ಎಡಿ 2022ರಲ್ಲಿ ಮೊದಲ ದರ್ಜೆಯಿಂದ ಇಳೀತು, ಮರುವರ್ಷ ಇನ್ನೂ ಕೆಳಕ್ಕೆ. ಜಿಲ್ಲೆಯಿಂದ ಹೊರಟ ಕ್ಲಬ್ಬು ಏಣಿ ಹತ್ತುತ್ತಾ 2023-24ಕ್ಕೆ ಎರಡನೇ ದರ್ಜೆ ಮುಟ್ಟಿತು.

ಸುಮ್ನೆ_ಓದೋನು
ಒಂಬತ್ತೇ ಆಟಗಾರರ ಜೊತೆ ಮೈದಾನಕ್ಕಿಳಿದದ್ದು ಇದೇ ಬಿ-ಎಸ್‌ಎಡಿ ಅಲ್ವಾ?

ಎರಡನೇ_ದರ್ಜೆ
ಅದೇ. 2021ರ ನವೆಂಬರ್ 27, ಬೆನ್ಫಿಕಾ ವಿರುದ್ಧ. ತಂಡದೊಳಗೆ ಕೋವಿಡ್ ಹಬ್ಬಿ ಒಂಬತ್ತು ಜನ ಉಳಿದ್ರು, ಅದರಲ್ಲಿ ಇಬ್ಬರು ಗೋಲ್‌ಕೀಪರು. ಒಬ್ಬ ಕೀಪರ್ ಫೀಲ್ಡಲ್ಲಿ ಆಡಿದ. ವಿರಾಮಕ್ಕೆ 0-7. ಎರಡನೇ ಅವಧಿಗೆ ಏಳೇ ಜನ ಬಂದ್ರು, ಶುರುವಾದ ಕೂಡಲೇ ಒಬ್ಬ ಕೂತುಬಿಟ್ಟ. ಏಳಕ್ಕಿಂತ ಕಮ್ಮಿ ಆದ್ರೆ ಆಟ ನಡೆಸೋ ಹಾಗಿಲ್ಲ, ರೆಫರಿ ಅಲ್ಲಿಗೇ ಮುಗಿಸಿದ.

ಕರಾವಳಿ_ಕೀಪರ್
ಕೀಪರ್‌ನ್ನು ಮಿಡ್‌ಫೀಲ್ಡಿಗೆ ಹಾಕುವುದು! ನಮ್ಮ ಜಾತಿಗೇ ಅವಮಾನ ಮಾರಾಯ್ರೆ.

ಕಾಲ್ಚೆಂಡು_ಕಿಟ್ಟಿ
ಹಾಗಾದ್ರೆ ಎವಿಎಸ್ ಅಂತ ಒಂದು ಇದೆಯಲ್ಲ, 2024-25ರಲ್ಲಿ ಮೊದಲ ದರ್ಜೆಗೆ ಬಂದದ್ದು, ಅದು 2018ರ ತಾಸಾ ಗೆದ್ದ ಆವೆಸ್ ತಂಡವಾ?

ಎರಡನೇ_ದರ್ಜೆ
ಅಲ್ಲ. ಊರು ಅದೇ, ಮೈದಾನ ಅದೇ, ತಂಡ ಬೇರೆ. 2018ರಲ್ಲಿ ಸ್ಪೋರ್ಟಿಂಗ್‌ನ 2-1 ಸೋಲಿಸಿದ ದೆಸ್ಪೊರ್ಟಿವೊ ದಾಸ್ ಆವೆಸ್ 2020ರಲ್ಲಿ ಹಣದ ಮುಗ್ಗಟ್ಟಿನಿಂದ ವೃತ್ತಿಪರ ಲೀಗಿಂದ ಹೊರಗೆ ಬಿತ್ತು. 2023ರಲ್ಲಿ ವಿಲಾಫ್ರಾಂಕೆನ್ಸೆ ತಂಡದ ಕಂಪನಿಯನ್ನ ಎರಡನೇ ದರ್ಜೆಯ ಜಾಗದ ಸಮೇತ ಆ ಊರಿಗೆ ಸಾಗಿಸಿದ್ರು, ಎವಿಎಸ್ ಅಂತ ಹೆಸರಿಟ್ರು. ಹಳೇ ತಾಸಾ ಇದರ ಖಾತೆಗೆ ಬರೀಬೇಡಿ. ಎಸ್ಟ್ರೆಲಾ ದಾ ಅಮಡೊರಾದಲ್ಲೂ ಇದೇ ಥರ ಹುಷಾರು: 1990ರ ತಾಸಾ ಗೆದ್ದ ಕ್ಲಬ್ಬು ದಿವಾಳಿ ಆಯ್ತು, ಹೊಸದಾಗಿ ಕಟ್ಟಿದ್ದು ಇನ್ನೊಂದು ತಂಡದ ಜೊತೆ ವಿಲೀನವಾಗಿ 2023-24ರಲ್ಲಿ ಮೇಲೆ ಬಂತು.

ಕಾಸಾ ಪಿಯಾ ಮಾತ್ರ ನಿಶ್ಚಿಂತೆಯಿಂದ ಬರೀಬಹುದು, ಅದು ನಿಜಕ್ಕೂ ಅದೇ ಕ್ಲಬ್ಬು. 1938-39ರಲ್ಲಿ ಆಡಿ ಇಳಿದದ್ದು, ಮತ್ತೆ ಮೊದಲ ದರ್ಜೆ ಕಂಡದ್ದು 2022-23ರಲ್ಲಿ.

ಹುಬ್ಬಳ್ಳಿ_ಹಾಫ್‌ಬ್ಯಾಕ್
ಎರಡು ವಿಟೋರಿಯಾ ಅದಾವ, ಅದನ್ನೂ ಹೇಳ್ರಿ. ಸೆಟೂಬಲ್‌ದು ಹಸಿರು-ಬಿಳಿ, ಮೊದಲ ಲೀಗಿನ ಎಂಟರಾಗ ಇದ್ದದ್ದು ಅದು. ಗಿಮರೈಸ್‌ದು ಬಿಳಿ, ಬ್ರಾಗಾದ ಬದ್ಧವೈರಿ. ಬರೇ 'ವಿಟೋರಿಯಾ' ಅಂತ ಬರದ್ರ ಹಳೇ ಪಟ್ಟಿಯೊಳಗ ಯಾವುದು ಅಂತ ತಿಳಿಯಂಗಿಲ್ಲ, ಊರ ಹೆಸರು ಸೇರಸ್ರಿ.

ಕಾಲ್ಚೆಂಡು_ಕಿಟ್ಟಿ
ಸರಿ. ಲೀಗಿಗೆ ಒಂದು ಕಾಲಂ, ಹಳೇ ನಾಕೌಟ್‌ಗೆ ಇನ್ನೊಂದು, ಎರಡನ್ನೂ ಕೂಡಿಸಲ್ಲ. ಕ್ಲಬ್ಬಿನ ಹೆಸರಿನ ಜೊತೆ ಊರು, ಕಂಪನಿ ಬದಲಾದ ವರ್ಷ.

ಸಿಂಹ_1906
ಎರಡನೇ ಕಾಲಮ್ಮಿನ ತಲೆಬರಹ 'ಪೋರ್ಚುಗಲ್ ಚಾಂಪಿಯನ್' ಅಂತಿರಲಿ.

ಹದ್ದು_38
'ತಾಸಾದ ಹಳೇ ರೂಪ' ಅಂತಿರಲಿ.

ಅಂಕಪಟ್ಟಿ
ಟೂರ್ನಿಯ ಹೆಸರನ್ನೇ ಬರೀರಿ ಕಿಟ್ಟಿ, ಇಬ್ಬರಿಗೂ ಉತ್ತರ ಕೊಡಬೇಡಿ. ಮತ್ತೆ 1938-39ರ ಸಾಲಿನಿಂದ ಆ ಕಾಲಂ ಖಾಲಿ ಬಿಡಿ, ತಾಸಾ ಗೆದ್ದವರನ್ನ ಅಲ್ಲಿ ತುಂಬಬೇಡಿ. ಹಾಗೆ ಮಾಡಿದ್ರೆ ಮೇಲೆ ಕೊಟ್ಟ 17ರ ಮೊತ್ತ ತಾಳೆ ಆಗಲ್ಲ.

ಸಿಂಹ_1906
ನೋಡಿ, ಅಂಕಪಟ್ಟಿನೂ ಒಪ್ಪಿದ್ರು, ತಾಸಾ ಬೇರೆ, ಅದು ಬೇರೆ.

ಅಂಕಪಟ್ಟಿ
ನಾನು ಕಾಲಂ ಬಗ್ಗೆ ಹೇಳಿದ್ದು.